ಹಿಮದಲ್ಲಿ ಕೂತ ಐದನೆಯವನು

ಹಸೀನ ಮಂಚದ ಕಂಬಿಯಿಂದ ಬ್ಯಾಂಡೇಜ್ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು. ಕಟ್ಟಿದವಳು ಅವಳೇ, ಈಗ ಬಿಚ್ಚಲು ಬರುತ್ತಿಲ್ಲ. ಉಗುರು ಹಾಕಿ ಎಳೆದಷ್ಟೂ ಗಂಟು ಕಚ್ಚಿಕೊಳ್ಳುತ್ತಿತ್ತು. ಹೊರಗೆ ಲಿಫ್ಟ್ ನಿಂತ ಸದ್ದಾಯಿತು, ಹೆಂಗಸರ ಮಾತು ಹತ್ತಿರವಾಯಿತು. ಕತ್ತರಿ ಹುಡುಕುವಷ್ಟು ಪುರುಸೊತ್ತಿರಲಿಲ್ಲ. ಬಾಗಿ ಹಲ್ಲಿನಿಂದ ಕಚ್ಚಿ ಎಳೆದಳು. ಡೆಟ್ಟಾಲಿನ ಜೊತೆಗೆ ಉಪ್ಪನ ಮೈಯ ವಾಸನೆ ಬಾಯಿಗೆ ಬಂತು. ಬಟ್ಟೆ ಬಿಚ್ಚಿಕೊಂಡಾಗ ಅದನ್ನು ಮುದ್ದೆ ಮಾಡಿ ಮುಷ್ಟಿಯೊಳಗೆ ಅಡಗಿಸಿಕೊಂಡಳು.

ಉಪ್ಪ, ಅವಳ ತಂದೆ ಉಳ್ಳಾಲದ ಮಮ್ಮು, ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗಂಡ ಜಂಶೀರ್ ಮಯ್ಯತ್ತಿನ ಜೊತೆ ಅಲ್ ಕೂಜ್‌ನ ಕಬರಸ್ತಾನಕ್ಕೆ ಹೋಗಿದ್ದ. ಸ್ನಾನ, ಹೊದಿಸುವ ಕಫನ್ ಬಟ್ಟೆ, ನಮಾಝ್, ಮಣ್ಣು, ಎಲ್ಲವೂ ಅಲ್ಲಿ, ಗಂಡಸರ ಕೈಯಲ್ಲಿ. ಕೊಲ್ಲಿ ನಾಡಿನ ಸಿಲಿಕಾನ್ ಓಯಸಿಸ್‌ನ ಈ ಫ್ಲ್ಯಾಟಿನಲ್ಲಿ ಹೆಂಗಸರಿಗೆ ಉಳಿದದ್ದು ಕುರಾನಿನ ಯಾಸೀನ್ ಅಧ್ಯಾಯ ಓದುವುದು, ಬಂದವರಿಗೆ ಚಾ ಕೊಡುವುದು, ಮತ್ತು ಅಳುವುದು.

ಸೋದರಮಾವನ ಹೆಂಡತಿ ರುಖಿಯಾ ಮಾಮಿ ಶಾರ್ಜಾದಿಂದ ಬಂದವರೇ ಸೋಫಾ ಗೋಡೆಗೆ ಒತ್ತರಿಸಿ ಚಾಪೆ ಹಾಸಿಸಿದರು. ಅಳು ಒಂದು ಸುತ್ತು ಮುಗಿದ ಮೇಲೆ, ಇಂಥ ಮನೆಗಳಲ್ಲಿ ಆಗುವ ಹಾಗೆ, ಮಾತು ಮೆಲ್ಲನೆ ಸತ್ತವರ ವಿಚಿತ್ರಗಳ ಕಡೆ ತಿರುಗಿತು. ಯಾವ ಮದುವೆಯಲ್ಲೂ ಮಮ್ಮು ಊಟಕ್ಕೆ ಉಳಿದದ್ದನ್ನು ಯಾರೂ ಕಂಡಿರಲಿಲ್ಲ.

"ದಫ್ ಬಡಿತ ಶುರುವಾಯ್ತಾ, ಇವರು ಚಪ್ಪಲಿ ಹುಡುಕಿದ್ರು ಅಂತಲೇ ತಿಳ್ಕೊಳ್ಳಿ," ಎಂದರು ಮಾಮಿ. "ಸ್ವಂತ ಮಗಳ ಮದುವೆಯಲ್ಲೂ ಹಾಗೇ ಮಾಡಿದ್ರು. ಸಣ್ಣದಿರುವಾಗ ಮಸೀದಿಯ ರಾತೀಬು ಹಾಡಿಗೆ ಇವರಷ್ಟು ಚಂದ ದಫ್ ಬಾರಿಸುವವರು ಉಳ್ಳಾಲದಲ್ಲೇ ಇರಲಿಲ್ಲ ಅಂತೆ. ಇಂಗ್ಲೆಂಡಿಗೆ ಹೋಗಿ ಬಂದದ್ದೇ, ಮತ್ತೆ ಅದನ್ನು ಮುಟ್ಟಲಿಲ್ಲ." ಹಸೀನಳ ಕಡೆ ತಿರುಗಿ ದನಿ ತಗ್ಗಿಸಿದರು. "ಉಪ್ಪನ ಕೈ ನಡುಕ ಕಡೆಗೆ ಕಡಿಮೆಯಾಗಿತ್ತಾ?"

"ಮದ್ದು ಕೊಡ್ತಾ ಇದ್ದೆವು ಮಾಮಿ."

ಮುಷ್ಟಿಯನ್ನು ದುಪಟ್ಟಾದಡಿ ಎಳೆದುಕೊಂಡಳು.

*

ಮರೆವು ಬಂದ ಮೇಲೆ ಉಪ್ಪನಿಗೆ ಹೆಸರುಗಳು ಒಂದೊಂದಾಗಿ ಉದುರಿದವು. ಮೊದಲು ಮೊಮ್ಮಗಳು ಉಝ್ಮಾಳದು, ಆಮೇಲೆ ಅಳಿಯನದು, ಕಡೆಗೆ ಹಸೀನಳದೂ. ಮಾತು ಹೋದಲ್ಲಿಂದ ಬೆರಳು ಶುರುವಾಯಿತು. ಹಗಲೆನ್ನದೆ ಇರುಳೆನ್ನದೆ ಬಲಗೈ ಮಂಚದ ಕಂಬಿಯ ಮೇಲೆ ಕುಣಿಯುತ್ತಿತ್ತು. ಮೂರು ಪೆಟ್ಟು, ಒಂದು ಬಿಡುವು, ಮತ್ತೊಂದು ಪೆಟ್ಟು. ಪಕ್ಕದ ಫ್ಲ್ಯಾಟಿನವರು ಬಂದು ಬಾಗಿಲು ತಟ್ಟಿದರು. ಡಾಕ್ಟರು ನೋಡಿ, ಇದು ನರದ ನಡುಕ, ಈ ವಯಸ್ಸಿಗೆ ಬರುವಂಥದ್ದೇ ಎಂದು ಮಾತ್ರೆ ಬರೆದರು. ಮಾತ್ರೆಗೆ ಉಪ್ಪ ಮಂಕಾದರೇ ಹೊರತು ಕೈ ಮಂಕಾಗಲಿಲ್ಲ. ಒಮ್ಮೆ ಆ ಕೈ ಮೂಗಿನ ನಳಿಗೆಯನ್ನು ಕಿತ್ತೆಸೆಯಿತು. ಕಟ್ಟಿಬಿಡಿ, ಅವರ ಒಳ್ಳೆಯದಕ್ಕೇ, ಎಂದಳು ಮನೆಗೆ ಬರುತ್ತಿದ್ದ ನರ್ಸ್.

ಹಸೀನ ಕಟ್ಟಿದಳು. ಉಪ್ಪ ಬೈಯಲಿಲ್ಲ, ಅಳಲಿಲ್ಲ. ಕಟ್ಟಿದ ಕೈಯನ್ನೊಮ್ಮೆ, ಮಗಳ ಮುಖವನ್ನೊಮ್ಮೆ ನೋಡಿದರು. ಅಂದಿನಿಂದ ಅಲುಗಾಡದೆ ಮಲಗಿದರು. ಅಲುಗಾಡದ ಎದೆಯಲ್ಲಿ ಕಫ ಕಟ್ಟಿತು.

ನಡುಕವೇ ತಾನೇ ಅದು? ಹಸೀನ ಆಗಿನಿಂದ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದದ್ದು ಇದೊಂದನ್ನೇ. ರೋಗವಾಗಿದ್ದರೆ ಕಟ್ಟಿದ್ದು ಮದ್ದು. ಆಗಿರದಿದ್ದರೆ?

*

ಮಣ್ಣಿಗೆ ಇನ್ನೂ ಹೊತ್ತಿರುವಾಗ ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲಲ್ಲಿ ಒಬ್ಬ ಬಿಳಿಯ ಮುದುಕ. ಕಂಕುಳಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ನೆಂಟರ ಮನೆಗೆ ಬಂದ ನಗು. "ಮೋ ಇದ್ದಾನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೊರಗೆ ಸಾಲುಗಟ್ಟಿದ ಚಪ್ಪಲಿಗಳನ್ನು ಆಮೇಲೆ ಕಂಡ. ನಗು ಅಲ್ಲೇ ನಿಂತಿತು.

ಉಝ್ಮಾ ಬಾಯಿಗೆ ಕೈ ಇಟ್ಟುಕೊಂಡಳು. "ಉಮ್ಮಾ, ಐ ಫರ್ಗಾಟ್ ಟು ಟೆಲ್ ಹಿಮ್."

ಉಪ್ಪಾಪ ಮರೆವಿನಲ್ಲಿ 'ಶಟಲ್ ಫೈವ್' ಎಂದು ಕನವರಿಸುವುದನ್ನು ಕೇಳಿ ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿದ್ದಳಂತೆ. ಹಳೆಯ ಬ್ಯಾಂಡುಗಳ ಹೆಸರಿದ್ದ ಯಾವುದೋ ಪುಟದ ಕೆಳಗೆ, ನನ್ನ ಅಜ್ಜನಿಗೆ ಇವರು ಗೊತ್ತು ಎಂದು ಬರೆದಳಂತೆ. ಉತ್ತರ ಕೊಟ್ಟವನು ಈ ಟ್ರೆವರ್, ಆ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು. ಅಬುಧಾಬಿಯ ಅಲ್ ರೀಮ್‌ನಲ್ಲಿರುವ ಮಗನ ಮನೆಗೆ ಬಂದಾಗ ನೋಡುತ್ತೇನೆ ಎಂದಿದ್ದ. ಹೇಳಿದ ದಿನಕ್ಕೇ ಬಂದಿದ್ದ.

ಹೆಂಗಸರು ದುಪಟ್ಟಾ ಎಳೆದುಕೊಂಡರು. ಹಸೀನ ಅವನನ್ನು ಕೋಣೆಯೊಳಗೆ ಕರೆದು, ಖಾಲಿ ಮಂಚದ ಪಕ್ಕ ಕುರ್ಚಿ ಹಾಕಿದಳು. ಅವನು ಚೀಲವನ್ನು ಮಡಿಲಿಗಿಟ್ಟುಕೊಂಡು ಕೂತ. ಆಮೇಲೆ ಹೇಳತೊಡಗಿದ. ಅರವತ್ತೈದನೆಯ ಇಸವಿ. ಉತ್ತರ ಇಂಗ್ಲೆಂಡಿನ ಹತ್ತಿಮಿಲ್ಲಿನ ಊರು. ಹಡಗಿನ ಕೆಲಸ ಬಿಟ್ಟು ಮಿಲ್ಲಿಗೆ ಸೇರಿದ್ದ ಕಪ್ಪು ಹುಡುಗ ಮಮ್ಮು, ಅವರ ಬಾಯಲ್ಲಿ ಮೋ, ಊಟದ ತಟ್ಟೆಯ ಮೇಲೆ ಬೆರಳಾಡಿಸುತ್ತಿದ್ದ. ಅಮೆರಿಕದ ಕರಿಯರ ಸೋಲ್ ಸಂಗೀತಕ್ಕೆ ಹುಚ್ಚಾಗಿದ್ದ ನಾಲ್ವರು ಅವನ ಕೈಗೆ ದಫ್‌ನ ಹಾಗೆಯೇ ಇದ್ದ ಟ್ಯಾಂಬೊರಿನ್ ಕೊಟ್ಟರು. ಐವರಾದರು. ವ್ಯಾನಿನಲ್ಲಿ ಊರೂರು ತಿರುಗಿದರು. ಒಂದು ರೆಕಾರ್ಡೂ ಆಯಿತು. ಆಮೇಲೆ ಒಂದು ದಿನ ಮೋ ಯಾರಿಗೂ ಹೇಳದೆ ಬೆಳಗಿನ ರೈಲು ಹತ್ತಿ ಹೋದ. ಅವನ ತಾಳವಿಲ್ಲದೆ ಬ್ಯಾಂಡ್ ಆ ಚಳಿಗಾಲವನ್ನೂ ದಾಟಲಿಲ್ಲ. ಅವನು ಯಾಕೆ ಹೋದನೋ ಎಂದ ಟ್ರೆವರ್.

ಹಸೀನಳ ಕಿವಿಯಲ್ಲಿ ಬೇರೊಂದು ಕತೆ ಏಳುತ್ತಿತ್ತು.

*

ಒಂದಾನೊಂದು ಊರು. ಅಲ್ಲಿ ಮಳೆ ಕಪ್ಪು, ಸೂರ್ಯನನ್ನು ತಿಂಗಳಿಗೊಮ್ಮೆ ಮಾತ್ರ ತೊಳೆದು ಒಣಗಲು ಹಾಕುತ್ತಾರೆ. ಐದು ಜನ ಗೆಳೆಯರು ಅರಮನೆಗೆ ಹಾಡಲು ಹೋದರು. ಬಾಗಿಲು ಕಾಯುವವನು ಐದನೆಯವನ ಮುಖ ನೋಡಿದ, ನಾಲ್ವರು ಬನ್ನಿ ಎಂದ. ನಾಲ್ವರೂ ಒಳಗೆ ಹೋದರು.

"ಐದನೆಯವನು ಉಪ್ಪಾ?" ಉಳ್ಳಾಲದ ಜಗಲಿಯಲ್ಲಿ ಪುಟ್ಟ ಹಸೀನ ಕೇಳುತ್ತಿದ್ದಳು.

"ಹಿಮದಲ್ಲಿ ಕೂತ. ಮಡಿಲಲ್ಲಿ ಚಂದ್ರ ಇಟ್ಕೊಂಡು."

"ಆಮೇಲೆ?"

"ಆಮೇಲೆ ಎಂತ, ಬೆಳಗಾಯ್ತು."

ಪ್ರತಿ ಸಲವೂ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಚಂದ್ರ ಎಲ್ಲಿಂದ ಸಿಕ್ಕಿದ ಎಂದು ಕೇಳಿದರೆ ಉಪ್ಪ ಎದ್ದು ಹೋಗುತ್ತಿದ್ದರು.

*

"ಅವರು ಹೊರಟುಹೋದ ಹಿಂದಿನ ರಾತ್ರಿ ಹಿಮ ಬಿದ್ದಿತ್ತಾ?" ಹಸೀನ ಇಂಗ್ಲಿಷಿನಲ್ಲಿ ಕೇಳಿದಳು.

ಟ್ರೆವರ್ ಅವಳನ್ನು ನೋಡಿದ. ಮತ್ತೆ ನೆಲ ನೋಡಿದ. ಫೋನ್ ತೆಗೆದು ಗುಂಡಿ ಒತ್ತಿದ.

ಆ ರೆಕಾರ್ಡಿನ ತೂತುಬಿದ್ದ ಹಳೆಯ ದನಿ. ಕಹಳೆ, ಡ್ರಮ್ಸ್, ಗಂಟಲು ಒಡೆದ ಹುಡುಗನೊಬ್ಬನ ಕೂಗು. ಅದರಡಿಯಲ್ಲಿ, ಮರಳಿನಡಿಯ ನೀರಿನ ಹಾಗೆ, ಮೂರು ಪೆಟ್ಟು, ಒಂದು ಬಿಡುವು, ಮತ್ತೊಂದು ಪೆಟ್ಟು.

ಉಝ್ಮಾ ಮಂಚದ ಕಂಬಿಯನ್ನು ನೋಡಿದಳು, ಆಮೇಲೆ ಉಮ್ಮನನ್ನು. ಕಂಬಿಯ ಬಣ್ಣ ಒಂದೇ ಜಾಗದಲ್ಲಿ, ನಾಲ್ಕು ಬೆರಳಗಲ, ಸವೆದು ಕಬ್ಬಿಣ ಕಾಣುತ್ತಿತ್ತು. ಹಾಡು ಮುಗಿಯಿತು. ಹಸೀನ ಇನ್ನೊಮ್ಮೆ ಹಾಕಿಸಿದಳು. ಎರಡನೆಯ ಸಲವೂ ಅದೇ.

ಅಷ್ಟರಲ್ಲಿ ಜಂಶೀರನ ಫೋನ್ ಬಂತು. "ಮಣ್ಣಾಯ್ತು, ಹಸೀನ. ನೀನು ಹೆದರಬೇಡ. ಕೈಯಲ್ಲಿದ್ದ ಕಟ್ಟಿನ ಗುರುತು ಕಫನಿನ ಒಳಗೆ ಹೋಯ್ತು. ಯಾರೂ ಎಂತದ್ದೂ ಕೇಳಲಿಲ್ಲ."

ಅವಳ ಮುಷ್ಟಿ ಸಡಿಲವಾಯಿತು. ಬಟ್ಟೆಯ ಮುದ್ದೆ ನೆಲಕ್ಕೆ ಬಿತ್ತು.

ಟ್ರೆವರ್ ಏಳುವಾಗ ಚೀಲದಿಂದ ಒಂದು ವಸ್ತು ತೆಗೆದು ಅವಳ ಮಡಿಲಲ್ಲಿಟ್ಟ. ವ್ಯಾನಿನಲ್ಲೇ ಬಿಟ್ಟು ಹೋಗಿದ್ದ ಎಂದ. ದುಂಡಗೆ, ಹಳದಿಗೆ ತಿರುಗಿದ ಬಿಳಿಯ ಚರ್ಮ, ಅಂಚಿನ ಸುತ್ತ ಹಿತ್ತಾಳೆಯ ಪುಟ್ಟ ತಾಳಗಳು. ಅವು ಝಲ್ಲೆಂದವು. ಚಾಪೆಯ ಮೇಲಿನ ಹೆಂಗಸರೆಲ್ಲ ಕತ್ತೆತ್ತಿದರು.

ರುಖಿಯಾ ಮಾಮಿ ಬಾಗಿಲಿಗೆ ಬಂದರು. ಸಿಟ್ಟಿರಲಿಲ್ಲ, ಗಾಬರಿ ಇತ್ತು. "ಮಯ್ಯತ್ತಿನ ಮನೆ ಮಗಳೇ. ಅದರ ಸದ್ದು ಬೇಡ." ಬಗ್ಗಿ, ನೆಲದ ಮೇಲಿದ್ದ ಬಟ್ಟೆಯನ್ನೆತ್ತಿ ಕೊಡವಿ ನೀಟಾಗಿ ಹಿಡಿದು ಚಾಚಿದರು. "ಇಗೋ, ಇದರಲ್ಲೇ ಬಿಗಿಯಾಗಿ ಕಟ್ಟಿಡು."

ಹಸೀನ ತೆಗೆದುಕೊಳ್ಳಲಿಲ್ಲ. ತಾಳಗಳು ಅಲುಗದ ಹಾಗೆ ಎದೆಗೊತ್ತಿಕೊಂಡು, ಹೆಂಗಸರನ್ನು ದಾಟಿ ಹೊರಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕಾರಿಡಾರಿನ ಏಸಿ ಕೊರೆಯುತ್ತಿತ್ತು. ಚಪ್ಪಲಿಗಳ ನಡುವೆ ತಣ್ಣನೆಯ ನೆಲದಲ್ಲಿ ಕೂತಳು. ಒಳಗೆ ಯಾಸೀನ್ ಶುರುವಾಯಿತು. ಮಡಿಲಲ್ಲಿದ್ದ ದುಂಡನೆಯ ಚರ್ಮದ ಮೇಲೆ ಅವಳ ಬೆರಳುಗಳು ಆಡತೊಡಗಿದವು. ಮೂರು, ಬಿಡುವು, ಒಂದು. ಚರ್ಮಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ, ಎಲ್ಲಿಯೂ ತಾಗದೆ.