ಕಾಲುವೆಯ ಕೊಂಕು

ನನ್ನಂಥ ಪುಕ್ಕಲಿ ಈ ಊರಲ್ಲೇ ಇಲ್ಲ ಅಂತ ಅಮ್ಮ ಬೈಯುತ್ತಿದ್ದುದು ಸುಳ್ಳಲ್ಲ. ಆ ಬೆಳಿಗ್ಗೆ ಪತ್ರಿಕೆಯ ಮುಖಪುಟದಲ್ಲಿ ಏಳನೇ ಕ್ಷೇತ್ರದ ನಕ್ಷೆ ನೋಡಿದ್ದೇ ತಡ, ಪತ್ರಿಕೆ ಮಡಚಿ ಹಾಸಿಗೆಯ ಕೆಳಗೆ ತುರುಕಿದೆ. ನಾನೇ ಕದ್ದು ಬರೆದುಕೊಟ್ಟ ನಕ್ಷೆ ಅದು.

ಗಡಿ ಕಚೇರಿಯಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸ. ಚುನಾವಣೆಗೆ ಮುಂಚೆ ಕ್ಷೇತ್ರಗಳಿಗೆ ಹೊಸ ಗಡಿ ಹಾಕಿ ಅಂತ ಮೇಲಿಂದ ಒಂದು ಪಟ್ಟಿ ಬಂದಿತ್ತು: ಈ ಬೀದಿ ಒಳಗೆ, ಆ ಬೀದಿ ಹೊರಗೆ. ಪಟ್ಟಿಯಂತೆ ಪಕ್ಕದ ಮೇಜಿನವನು ಮೂಲ ನಕ್ಷೆ ಎಳೆದಾಗ ಏಳನೇ ಕ್ಷೇತ್ರ ಉದ್ದ ಬಾಲದ ಹಲ್ಲಿಯ ಹಾಗಾಯಿತು. ನಾನು ಹುಟ್ಟಿ ಬೆಳೆದ ಗಿರಣಿ ಕೇರಿ ನಾಲ್ಕು ತುಂಡಾಗಿ ನಾಲ್ಕು ಕ್ಷೇತ್ರಕ್ಕೆ ಹಂಚಿಹೋಯಿತು. ಇನ್ನು ಆ ಕೇರಿಯವರೆಲ್ಲ ಸಾಲುಗಟ್ಟಿ ನಿಂತು ವೋಟು ಹಾಕಿದರೂ ಅವರ ಕಡೆಯವರೊಬ್ಬರು ಗೆಲ್ಲುವ ಹಾಗಿಲ್ಲ. ನನಗೆ ಹೊಟ್ಟೆ ಉರಿಯಿತು. ಟ್ರೇಸಿಂಗ್ ಕಾಗದ ಇಟ್ಟು ಒಂದು ಪ್ರತಿ ತೆಗೆದು, ಊಟದ ಡಬ್ಬಿಯ ಕೆಳಗೆ ಮಡಚಿಟ್ಟುಕೊಂಡು ಹೋಗಿ ಅಣ್ಣನಿಗೆ ಕೊಟ್ಟೆ.

"ನಿನ್ನ ಹೆಸರು ಎಲ್ಲೂ ಬರಲ್ಲ ಕಣೇ, ಪತ್ರಿಕೆಯವರು ನನಗೆ ಗೊತ್ತಿರೋರೇ," ಅಂದಿದ್ದ.

ಹೆಸರೇನೋ ಬಂದಿರಲಿಲ್ಲ. ಕೊಂಕು ಬಂದಿತ್ತು.

ನಮ್ಮ ಕಸುಬಿನವರಿಗೆ ಒಂದು ಅಭ್ಯಾಸ. ಕೈಯಲ್ಲಿ ಬರೆದ ನಕ್ಷೆಯಲ್ಲಿ ಎಲ್ಲೋ ಒಂದು ಕಡೆ ನಮ್ಮದೇ ಸಣ್ಣ ಗುರುತು ಬಿಡುತ್ತೇವೆ, ಬೇರೆಯವರು ನಕಲು ಮಾಡಿ ತಮ್ಮದು ಅಂದರೆ ಹಿಡಿಯೋಕೆ. ನನಗೆ ಕೆಲಸ ಕಲಿಸಿದ, ಈಗಲೂ ನಮ್ಮ ಕಚೇರಿಯಲ್ಲೇ ನಕ್ಷೆ ಬರೆಯುವ ಮೇಷ್ಟ್ರು, ಸೇತುವೆ ದಾಟಿದ ಮೇಲೆ ಕಾಲುವೆಯ ಗೆರೆಗೆ ಕೂದಲೆಳೆಯಷ್ಟು ಕೊಂಕು ಕೊಡುತ್ತಿದ್ದರು. ನೋಡಿ ನೋಡಿ ನನ್ನ ಕೈಗೂ ಅದೇ ಅಂಟಿತ್ತು. ಕದ್ದು ಬರೆಯುವಾಗಲೂ ಈ ಹಾಳು ಕೈ ತನ್ನ ಪಾಡಿಗೆ ತಾನು ಕೊಂಕು ಹಾಕಿಬಿಟ್ಟಿದೆ. ಕಳ್ಳತನ ಮಾಡಿ ರುಜು ಹಾಕಿ ಬಂದ ಜಾಣೆ ನನ್ನನ್ನು ಬಿಟ್ಟರೆ ಇನ್ಯಾರಿದ್ದಾರೆ?

ಹತ್ತು ಗಂಟೆಗೆ ಸಾಹೇಬರು ನಕ್ಷೆ ಬರೆಯುವ ನಾಲ್ವರನ್ನೂ ಒಳಗೆ ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಪತ್ರಿಕೆ, ಪಕ್ಕದಲ್ಲಿ ಕಚೇರಿಯ ಮೂಲ ನಕ್ಷೆ.

"ಮೂಲದಲ್ಲಿ ಕಾಲುವೆ ನೆಟ್ಟಗಿದೆ, ಇದರಲ್ಲಿ ಡೊಂಕಿದೆ," ಅಂದರು ಮೆಲ್ಲಗೆ. "ಒಬ್ಬೊಬ್ಬರಾಗಿ ಬಂದು ಈ ಕಾಲುವೆ ಬರೆದು ತೋರಿಸಿ."

ಅವರು ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹೋದ ತಿಂಗಳು ಆ ಪಟ್ಟಿ ಯಾರದು ಅಂತ ಕೇಳಿದ ಗುಮಾಸ್ತನನ್ನು ಇಬ್ಬರು ಬಂದು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಅವನ ಕುರ್ಚಿ ಇನ್ನೂ ಖಾಲಿ. ಅವನ ಹೆಂಡತಿ ವಾರಕ್ಕೆರಡು ಸಲ ಬಂದು ಗೇಟಿನ ಹತ್ತಿರ ನಿಂತು ಹೋಗುತ್ತಾಳೆ.

ಮೊದಲಿನ ಇಬ್ಬರದು ನೆಟ್ಟಗೆ ಬಂತು. ಮೂರನೆಯವಳು ನಾನು. ಸೇತುವೆ ಹತ್ತಿರವಾಗುತ್ತಿದ್ದ ಹಾಗೆ ಬೆರಳು ತಾನಾಗಿ ಪಕ್ಕಕ್ಕೆ ಎಳೆಯಿತು. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಗೆರೆಯನ್ನು ನೆಟ್ಟಗೆ ದಾಟಿಸಿದೆ. ಸಾಹೇಬರು ತಲೆಯಾಡಿಸಿದರು. ನನ್ನ ಹಳೇ ನಕ್ಷೆಗಳನ್ನು ತೆಗೆಸಿ ನೋಡುವ ಬುದ್ಧಿ ಇವರಿಗೆ ಬರದಿರಲಪ್ಪಾ ಅಂತ ಬೇಡಿಕೊಳ್ಳುತ್ತಾ ಬಂದು ಗೋಡೆಗೆ ಒರಗಿದೆ.

ಕೊನೆಗೆ ಮೇಷ್ಟ್ರು. ಕನ್ನಡಕ ಒರೆಸಿಕೊಂಡು, ಮೇಜಿನ ಮೇಲಿದ್ದ ನನ್ನ ಗೆರೆಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕೂತು ಬರೆದರು. ಸೇತುವೆ ದಾಟಿದ ಮೇಲೆ ಕೊಂಕು ಹಾಕಿದರು, ಕೂದಲೆಳೆಯಷ್ಟಲ್ಲ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟು. ಅಷ್ಟು ದೊಡ್ಡದನ್ನು ಅವರು ಯಾವತ್ತೂ ಹಾಕಿದವರಲ್ಲ.

"ನೀವಾ ಮೇಷ್ಟ್ರೇ?" ಸಾಹೇಬರು ನಂಬಲಾರದೆ ಕೇಳಿದರು.

"ನನ್ನದೇ ಕೈ, ಸಾರ್. ಇದು ಬೇರೆ ಯಾರಿಗೂ ಬರಲ್ಲ."

'ಅಲ್ಲ ಸಾರ್, ನಾನು' ಅಂದಿದ್ದರೆ ಸಾಕಿತ್ತು. ನಾಲಿಗೆ ಏಳಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಭಯದ ತಳದಲ್ಲಿ, ಥೂ ನನ್ನ ಜನ್ಮಕ್ಕೆ, ಬದುಕಿಕೊಂಡೆ ಅನ್ನುವ ಸಮಾಧಾನವೂ ಇತ್ತು.

ಗುಮಾಸ್ತನನ್ನು ಕರೆದುಕೊಂಡು ಹೋದ ಅದೇ ಇಬ್ಬರು ಬಂದರು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ಹೋಗುವಾಗ ನನ್ನ ಕೈಯಲ್ಲಿಟ್ಟರು.

"ಹನ್ನೊಂದು ವರ್ಷ ಆದಮೇಲೆ ಕೊನೆಗೂ ನೆಟ್ಟಗೆ ಎಳೆಯೋದು ಬಂತಲ್ಲಮ್ಮ ನಿಂಗೆ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ಎತ್ತಲಿಲ್ಲ.

ಕೆಳಗೆ ಜೀಪು ಹೊರಟ ಸದ್ದಾಯಿತು. "ಕೂತ್ಕೊಳ್ಳಮ್ಮ," ಅಂದರು ಸಾಹೇಬರು. "ಎಂಟನೇ ಕ್ಷೇತ್ರ ಇವತ್ತೇ ಮುಗೀಬೇಕು."

ಕೂತೆ. ಆ ಕಾಲುವೆ ಎಂಟನೇ ಕ್ಷೇತ್ರದಲ್ಲೂ ಹಾದುಹೋಗುತ್ತದೆ. ಮೇಷ್ಟ್ರ ಪೆನ್ನಿನಲ್ಲೇ ಎಳೆದೆ, ನೆಟ್ಟಗೆ.