ತೊಲೆ ಬಿಟ್ಟ ಕಂಬ

ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು. ತಿಕೋಟಾದ ಗುರುಸಿದ್ದವ್ವ ಕೇಳಲಿಲ್ಲ. ಮನೆ ಕಟ್ಟುವ ಗೌಂಡಿ ಧೂಳಪ್ಪ ಆ ವರ್ಷ ಎಷ್ಟು ಸಲ ಬಾಯಿ ಬಡಿದುಕೊಂಡನೋ ಆ ಶಿವನಿಗೇ ಗೊತ್ತು.

ಆಕೆಯದು ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹರಡಬೇಕು, ಇಲ್ಲದಿದ್ದರೆ ಸೋರುತ್ತದೆ. ಸರಿ, ಹರಡಲಿ. ಹಳೆಯದನ್ನು ತೆಗೆಯುವವರು ಯಾರು? ಮಾವ ಹಾಕಿದ್ದು, ಗಂಡ ಹಾಕಿದ್ದು, ಈಗ ಮಗ ಶಿವಯೋಗೆಪ್ಪ ಹಾಕಿದ್ದು, ಎಲ್ಲ ಒಂದರ ಮೇಲೊಂದು ಕೂತು ಮೊಳಕಾಲುದ್ದ ಆಗಿತ್ತು. ಅದನ್ನು ಹೊತ್ತು, ತಲೆಬಾಗಿಲ ಮೇಲಿಂದ ಹಿಂದಿನ ಗೋಡೆಯವರೆಗೆ ಮಲಗಿದ್ದ ತೊಲೆ ಮುದಿ ಕತ್ತೆಯ ಬೆನ್ನಿನಂತೆ ಜೋತಿತ್ತು. ಸೊಸೆ ರುದ್ರವ್ವ ಕೂಸಿನ ತೊಟ್ಟಿಲು ಕಟ್ಟಿದ್ದೂ ಆ ತೊಲೆಗೇ.

“ಅವ್ವಾರ, ತೊಲಿ ಬಾಗೇತ್ರಿ. ಮಣ್ಣ ಇಳಸ್ರಿ,” ಎಂದ ಧೂಳಪ್ಪ.

“ಹಿರ್ಯಾರು ಹಾಕಿದ ಮಣ್ಣ ತಿಪ್ಪಿಗಿ ಚೆಲ್ಲಂತಿ? ಭಾರ ಬಿದ್ದಷ್ಟೂ ಮನಿ ಗಟ್ಟಿ ಕುಂದರತೈತೋ.”

“ಕುಂದರೂದ ಏನ್ರಿ, ಮಕ್ಕೊಂಡ ಬಿಡತೈತಿ!”

ಕಬ್ಬಿಣದ ತೊಲೆಯಾದರೂ ಕೊಡಿಸೋಣವೆಂದು ವಿಜಾಪುರದ ಸ್ಟೇಷನ್ ರಸ್ತೆಗೆ ಹೋದ. ಕಬ್ಬಿಣವೇ ಸಿಗದ ಯುದ್ಧದ ಕಾಲ, ಅಂಗಡಿಯವ ನಕ್ಕು ಕಳಿಸಿದ. ಕಡೆಗೆ ನಿಡೋಣಿಯಿಂದ ಬಂಡಿಯಲ್ಲಿ ಬೇವಿನ ಕಂಬ ತಂದು, ತೊಲೆಯ ನಟ್ಟನಡುವೆ ಆಸರೆ ನಿಲ್ಲಿಸಿ, ಬೆಣೆ ಬಡಿದು, “ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಹೇಳಿ ಬಬಲೇಶ್ವರದ ಕೆಲಸಕ್ಕೆ ಹೋದ.

ಎಂಟು ದಿನಕ್ಕೆ ಬಂದು ನೋಡುತ್ತಾನೆ, ಕಂಬ ಒಂದು ಮೊಳ ಬದಿಗೆ ಸರಿದಿದೆ. ಮೈತುಂಬ ಅರಿಶಿನ, ಕುಂಕುಮ, ಹೂವಿನ ಸರ. ಅದರ ನೆತ್ತಿಯ ಮೇಲೆ ತೊಲೆಯೇ ಇಲ್ಲ, ಬರೀ ಮಾಳಿಗೆಯ ತೆಳು ಹಲಗೆ. ತೊಲೆಯಲ್ಲಿ ಬೆರಳು ತೂರುವಷ್ಟು ಸೀಳು.

“ಇದನ್ನ ಯಾರ ಸರಸ್ಯಾರ?”

“ನಾನ ಸರಸೇನಿ,” ಎಂದಳು ಗುರುಸಿದ್ದವ್ವ. “ತಲಬಾಗಲ ಎದುರಿಗಿ ಕಂಬ ನಿಂದರಸ್ತಾರೇನೋ? ಬರೂ ಲಕ್ಷ್ಮಿ ಹಣಿ ಬಡಕೊಂಡ ಹೊಳ್ಳಿ ಹೋಗ್ಲೇನು? ಒಂದ ಮೊಳ ಅಷ್ಟ. ಈಗೂ ಮನಿ ಹೊತ್ತ ನಿಂತೈತಿಲ್ಲೋ?”

ಧೂಳಪ್ಪನ ಹಲ್ಲು ಕಟಕಟ ಎಂದವು. “ತಂಗಿ, ಕೂಸಿನ್ನ ಎತ್ಕೊಂಡ ಹೊರಗ ನಡಿ,” ಎಂದು ರುದ್ರವ್ವನನ್ನು ಕಳಿಸಿದ. ಆಮೇಲೆ ಒಂದೇ ಕೈಯಲ್ಲಿ ಕಂಬವನ್ನು ನೂಕಿದ. ಹೂವು ಕುಂಕುಮದ ಸಮೇತ ಅದು ದಬಕ್ಕನೆ ಬಿತ್ತು. ಮಾಳಿಗೆಯಿಂದ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ.

“ಮನಿ ಹೊತ್ತ ಕಂಬ ಬಿದ್ರ ಮನೀನೂ ಬೀಳಬೇಕಿತ್ತಲ್ರಿ, ಅವ್ವಾರ?”

ಆಕೆ ಬಾಯಿ ತೆರೆಯುವಷ್ಟರಲ್ಲಿ ತೊಲೆಯೇ ‘ಕಟಕ್’ ಎಂದಿತು. ಮುದುಕಿ ಹೊಸ್ತಿಲು ಹಾರಿದ್ದು ಹದಿನಾರರ ಹುಡುಗಿಯಂತೆ.

“ಲೇ ಶಿವ್ಯಾ! ಸಲಿಕಿ ತಾ, ಬುಟ್ಟಿ ತಾ!” ಎಂದು ಅಂಗಳದಿಂದಲೇ ಮಗನನ್ನು ಕೂಗಿದಳು.

ಮೊದಲು ಕಂಬ ತೊಲೆಯ ಕೆಳಗೆ ಹೋಯಿತು. ಸಂಜೆಯೊಳಗೆ ಮೂರು ತಲೆಮಾರಿನ ಮಣ್ಣು ಅಂಗಳಕ್ಕೆ ಬಿತ್ತು, ಮೇಲೆ ನಾಲ್ಕು ಬೆರಳಷ್ಟೇ ಉಳಿಯಿತು. ತೊಲೆ ಕೂದಲೆಳೆಯಷ್ಟು ಮೇಲೆದ್ದು ಉಸಿರು ಬಿಟ್ಟಿತು. ಹುಬ್ಬಿನವರೆಗೆ ಧೂಳು ಹೊತ್ತ ಧೂಳಪ್ಪ ಒಂದು ಒಳ್ಳೆಯ ಮಾತಿಗಾಗಿ ಕಾದು ನಿಂತ.

ಗುರುಸಿದ್ದವ್ವ ಒಳಗೆ ಇಣುಕಿದಳು. “ನೋಡ್ದೇನು? ಪೂಜಿ ಮಾಡಿದ್ದಕ್ಕ ಕಂಬ ಹೆಂಗ ಎತ್ತಿ ಹಿಡದೈತಿ! ಈಗ ಭಾರ ಇಳೀತಲಾ, ಅದನ್ನ ಒಂದ ಮೊಳ ಆಕಡೆ ಸರಸು.”

ಧೂಳಪ್ಪ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತ.

“ಕಂಬಕ್ಕ ಕೈ ಹಚ್ಚಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ. ನಾಳೆ ಬಂದ ಬಾಗಲಾನ ಸರಸ್ತೇನಿ!”