ನಾಲ್ಕು ಗಂಟೆಯ ಬೆಲ್ಲ

ನಾನು ಒಂದು ತಗಡಿನ ಡಬ್ಬಿ. ಹುಬ್ಬಳ್ಳಿಯ ಓಣಿಯೊಂದರಲ್ಲಿ ಹಳೆಯ ಎಣ್ಣೆ ಡಬ್ಬಿಯನ್ನು ಕತ್ತರಿಸಿ, ಬಡಿದು, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಮೈಮೇಲೆ ಅರ್ಧ ಸೂರ್ಯಕಾಂತಿ ಹೂವು ಉಳಿದಿತ್ತು. ಅದರ ಬಗ್ಗೆ ನನಗೆ ಜಂಬವೇ ಜಂಬ. ಮದುವೆ ಮನೆಗೆ ಲಾಡು ತುಂಬಿಕೊಂಡು ಹೋಗುತ್ತೇನೆ ಅಂದುಕೊಂಡಿದ್ದೆ. ಹೋಗಿದ್ದು ಎಲ್ಲಿಗೆ? ಸಾವ್ಕಾರ್ ವಿರೂಪಾಕ್ಷಪ್ಪನವರ ಬ್ಯಾಟರಿ ರಿಪೇರಿ ಶೆಡ್ಡಿಗೆ!

ಅಲ್ಲಿ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಹೊಸ ಪ್ಲೇಟು ಎರಕ ಹೊಯ್ಯುತ್ತಿದ್ದರು. ಎಲ್ಲರ ಮೈಮೇಲೂ ಬೂದಿಬಣ್ಣದ ಧೂಳು. ನನ್ನ ಹೊಟ್ಟೆಯಲ್ಲಿ ಬೆಲ್ಲ. ದಿನಾ ಸಂಜೆ ನಾಲ್ಕಕ್ಕೆ ಸಾವ್ಕಾರ್ರು ಕೂಗುತ್ತಿದ್ದರು: "ಬರ್ರಿ, ಬೆಲ್ಲಾ ತಿನ್ರಿ! ಹೊಟ್ಟ್ಯಾಗಿನ ಧೂಳೆಲ್ಲಾ ತೊಳಕೊಂಡು ಹೋಗತೈತಿ." ಅವರು ಮನಸಾರೆ ನಂಬಿದ್ದರು; ಮೊದಲ ಚೂರು ತಾವೇ ತಿನ್ನುತ್ತಿದ್ದರು. ಆದರೆ ಕೈ ತೊಳೆಯುತ್ತಿದ್ದವರು ಯಾರು? ಸೀಸ ಮುಟ್ಟಿದ ಕೈಯನ್ನೇ ನನ್ನೊಳಗೆ ಹಾಕುತ್ತಿದ್ದರು. ಬೆಲ್ಲ ಕಪ್ಪಗಾಗುತ್ತ ಬಂತು. ಅಯ್ಯೋ, ತೊಳೆಯುವುದೆಲ್ಲಿ ಬಂತು, ನಾನೇ ವಿಷ ಉಣಿಸುತ್ತಿದ್ದೇನಲ್ಲ!

ಎರಕ ಹೊಯ್ಯುವವನು ಫಕೀರಪ್ಪ. ಅವನಿಗೆ ಮೊದಲು ಹೊಟ್ಟೆನೋವು ಶುರುವಾಯಿತು. ಆಮೇಲೆ ಸಿಡುಕು, ಎಂದೂ ದನಿ ಏರಿಸದವನು ಚಹಾದ ಕಪ್ಪನ್ನು ಗೋಡೆಗೆ ಎಸೆದ. ಆಮೇಲೆ ಮರೆವು. "ಮೌಲಾ, ನನ್ನ ಮಗಳ ಹೆಸರೇನಲೇ?" ಎಂದು ಜೊತೆಗಾರ ಮೌಲಾಸಾಬನನ್ನು ಕೇಳಿದಾಗ ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ.

ಒಂದು ದಿನ ನನ್ನ ಮುಚ್ಚಳ ತೆಗೆಯಲು ಬಂದ. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಎಡಗೈಯೂ ಹಾಗೆಯೇ.

"ಕೈ ಏಳವಲ್ವುರೀ, ಸಾವ್ಕಾರ್ರ."

"ಧೂಳ ಜಾಸ್ತಿ ಆಗೈತೋ ನಿನಗ. ಮನ್ಯಾಗ ಕುಂತು ಚಲೋತ್ನಂಗ ಬೆಲ್ಲಾ ತಿನ್ನು," ಎಂದು ಸಾವ್ಕಾರ್ರು ನನ್ನನ್ನು ತುಂಬಿ ಅವನ ಕಂಕುಳಲ್ಲಿಟ್ಟು ಕಳಿಸಿದರು.

ಹೆಂಡತಿ ನೀಲವ್ವ ಅವನನ್ನು ದವಾಖಾನೆಗೆ ಕರೆದೊಯ್ದಳು. ತಿರುಗಿ ಬಂದವಳೇ ಬೆಲ್ಲವನ್ನೆಲ್ಲ ತಿಪ್ಪೆಗೆ ಸುರಿದಳು. "ಸೀಸ ರಕ್ತದಾಗ ಸೇರಿ ನರ ಕೆಡಿಸೈತಂತ. ಮಿದುಳಿಗೂ ಹತ್ತೈತಂತ. ಬೆಲ್ಲಕ್ಕ ಅದು ಹೋಗಂಗಿಲ್ಲಂತ, ಕೈ ತೊಳೀದ ತಿಂದು ಮತ್ತಷ್ಟು ಒಳಗ ಹಾಕ್ಕೊಂಡೀರಿ," ಎಂದು ಅತ್ತಳು. "ಮೌಲಾ ಅಣ್ಣಗೂ ಹಿಂಗಾಗೂದು ಬ್ಯಾಡ. ನನ್ನ ಮಾತು ಸಾವ್ಕಾರ್ರು ಕೇಳಂಗಿಲ್ಲ. ನೀವ ಹೋಗಿ ಹೇಳಿ ಬರ್ರಿ."

ಖಾಲಿ ಡಬ್ಬಿಯಾದ ನನ್ನನ್ನು ಕಂಕುಳಲ್ಲಿ ಒತ್ತಿಕೊಂಡು ಫಕೀರಪ್ಪ ಹೊರಟ. ದಾರಿಯುದ್ದಕ್ಕೂ ಪಾಠ ಒಪ್ಪಿಸಿದ: "ಬೆಲ್ಲಾ ತಿನ್ನಬ್ಯಾಡ್ರಿ. ಕೈಯಾಗ ಸೀಸ ಐತಿ. ಬೆಲ್ಲಾ ತಿನ್ನಬ್ಯಾಡ್ರಿ."

ಶೆಡ್ಡಿನಲ್ಲಿ ಎಲ್ಲರೂ ಸುತ್ತುವರಿದರು. ಮೌಲಾಸಾಬ ಓಡಿಬಂದು ತಬ್ಬಿಕೊಂಡ. "ಆರಾಮದಿ ಏನೋ? ಏನ ಬಂದಿ?"

ಫಕೀರಪ್ಪ ಬಾಯಿ ತೆರೆದ, ಮುಚ್ಚಿದ. ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನಪ್ಪಾ, ನೆನಪಿಸಿಕೊಳ್ಳೋ! ಎಂದು ನಾನು ಒಳಗೊಳಗೇ ಕೂಗಿದೆ.

"ಡಬ್ಬಿ ಕೊಡಾಕ ಬಂದಿದ್ನಿ," ಅಂದ.

ಸಾವ್ಕಾರ್ರ ಕಣ್ಣಲ್ಲಿ ನೀರು ಬಂತು. ಹೊಸ ಬೆಲ್ಲ ತಂದು ನನ್ನನ್ನು ತುಂಬಿದರು. ಗೆಳೆಯನ ಕೈ ಏಳುವುದಿಲ್ಲವೆಂದು ಮೌಲಾಸಾಬ ತನ್ನ ಬೂದಿ ಹತ್ತಿದ ಬೆರಳಿನಿಂದಲೇ ದೊಡ್ಡ ತುಂಡು ಎತ್ತಿ ಅವನ ಬಾಯಿಗಿಟ್ಟ. ಅವನು ತಿಂದ.

ಹೇಳಿ ಬಂದೆ ಎಂದೇ ಫಕೀರಪ್ಪ ಮನೆಯಲ್ಲಿ ನೀಲವ್ವನಿಗೆ ಹೇಳಿರಬೇಕು. ಮತ್ತೆ ಅವನು ಈ ಕಡೆ ಬರಲಿಲ್ಲ.

ನನಗೀಗ ಅಂಚೆಲ್ಲ ತುಕ್ಕು. ಇಲ್ಲಿ ಕೆಟ್ಟವರು ಯಾರಾದರೂ ಇದ್ದಿದ್ದರೆ ನನಗೆ ಇಷ್ಟು ಅಂಜಿಕೆ ಆಗುತ್ತಿರಲಿಲ್ಲ. ಮೊನ್ನೆಯಿಂದ ಮೌಲಾಸಾಬನಿಗೆ ಹೊಟ್ಟೆನೋವು. ಸಾವ್ಕಾರ್ರು ಅವನಿಗೆ ದಿನಾ ಎರಡು ತುಂಡು ಕೊಡುತ್ತಿದ್ದಾರೆ.